ನಿಮಗಿದು ಗೊತ್ತೆ? ಬಾಂಡ್ ನಮ್ಮಲ್ಲಿ, ಅನ್ಯಗ್ರಹದವರು ಘಾನಾದಲ್ಲಿ!

* ಕನ್ನಡಕ್ಕೆ ಜೇಮ್ಸ್ ಬಾಂಡ್ ಮಾದರಿಯ ಪತ್ತೇದಾರ ಬಂದದ್ದು 1968ರಲ್ಲಿ, ‘ಜೇಡರ ಬಲೆ’ಯ ಮೂಲಕ. ದೊರೆ–ಭಗವಾನ್ ಜೋಡಿಯ ಈ ಕಪ್ಪು–ಬಿಳುಪು ಚಿತ್ರದಲ್ಲಿ ರಾಜ್‌ಕುಮಾರ್ ಸಿಐಡಿ 999 ಪ್ರಕಾಶ್.

* ಕಥೆಯ ತಿರುಳು ವಿಜ್ಞಾನಿಯೊಬ್ಬರ ಶೋಧ: ಲೋಹವನ್ನು ಚಿನ್ನವಾಗಿಸುವ ಸೂತ್ರ. ಅದರ ಮೇಲೇ ಖಳರ ಕಣ್ಣು.

* ಇದೇ ಸಿಐಡಿ ಮತ್ತೆ ಮೂರು ಚಿತ್ರಗಳಲ್ಲಿ ಬಂದ; ಕೊನೆಯದು ‘ಆಪರೇಷನ್ ಡೈಮಂಡ್ ರಾಕೆಟ್’ (1978).

* ಆಫ್ರಿಕಾದ ಘಾನಾದಲ್ಲಿ 2010ರಲ್ಲಿ ತಯಾರಾದ ಅಗ್ಗದ ಬಜೆಟ್‌ನ ಚಿತ್ರದ ಹೆಸರು ‘2016’. ಅನ್ಯಗ್ರಹ ಜೀವಿಗಳು ಭೂಮಿಯ ಮೇಲೆ ಎರಗುವ ಕಥೆ. ಟ್ರೇಲರ್ ಅಂತರ್ಜಾಲದಲ್ಲಿ ಭರ್ಜರಿಯಾಗಿ ಓಡಿತು.

* ಅದೇ ವರ್ಷ ಉಗಾಂಡದ ಕಂಪಾಲದ ಕೊಳೆಗೇರಿ ವಾಕಲಿಗಾದಲ್ಲಿ ನಬ್ವಾನಾ ಐ.ಜಿ.ಜಿ. ‘ಹೂ ಕಿಲ್ಡ್ ಕ್ಯಾಪ್ಟನ್ ಅಲೆಕ್ಸ್?’ ಮಾಡಿ ಮುಗಿಸಿದರು. ಅದರ ಹೆಲಿಕಾಪ್ಟರ್ ದಾಳಿಯೆಲ್ಲ ಕಂಪ್ಯೂಟರಿನದೇ ಕರಾಮತ್ತು!