ಒಂದೇ ಕಂಪ್ಯೂಟರಿನಲ್ಲಿ ಎರಡು ಸರ್ವರ್‌ಗಳ ಜೋಡಾಟ



ಆಸಾಡಿ ಮಳೆಗೆ ನಮ್ಮ ಶಾಲೆಯ ಇಂಟರ್ನೆಟ್ ಲೈನು ಹೋಗಿ ವಾರವಾಗಿತ್ತು. ಪ್ರಬಂಧ ಬರೆಯಲು ನಮಗಿದ್ದ ಆಸರೆ ಒಂದೇ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಮೊದಲೇ ಇಳಿಸಿ ಕಂಪ್ಯೂಟರ್ ಕೋಣೆಯ ಹಳೇ ಯಂತ್ರದಲ್ಲಿ ಇಟ್ಟಿದ್ದೆವು. ಅದನ್ನು ತೋರಿಸುವ ಪ್ರೋಗ್ರಾಮಿನ ಹೆಸರು ಕಿವಿಕ್ಸ್. ಆದರೆ ಟೀಚರರ ಅಂಕಪಟ್ಟಿಯೂ ಅದೇ ಯಂತ್ರದಲ್ಲಿದೆ. ಅದು ನಡೆಯುವುದು ಅಪಾಚೆ ಎಂಬ ಸರ್ವರಿನ ಮೇಲೆ. ಒಂದು ಶುರುವಾದರೆ ಇನ್ನೊಂದು ಏಳುವುದೇ ಇಲ್ಲ!

"ಎರಡೂ ಒಟ್ಟಿಗೆ ಆತಿಲ್ಲೆ ಮಕ್ಕಳೇ, ಅಂಕ ತುಂಬ್ಸಿ ಆದ್ಮೇಲೆ ಬನ್ನಿ" ಎಂದರು ಟೀಚರ್. ನಾವು ಎರಡು ದಿನ ಬಾಗಿಲಲ್ಲೇ ನಿಂತೆವು. ಆಮೇಲೆ ಗೊತ್ತಾಯಿತು, ಎರಡೂ ಒಟ್ಟಿಗೆ ಆಗುತ್ತದೆ. ಹೇಗೆ? ಕೇಳಿ.

ಸರ್ವರ್ ಎಂದರೆ ಎಂತ?

ಬೇರೆ ಕಂಪ್ಯೂಟರು ಕೇಳಿದ ಪುಟವನ್ನು ಕಳಿಸಿಕೊಡುವ ಪ್ರೋಗ್ರಾಮ್, ಅಷ್ಟೇ. ಒಂದು ಯಂತ್ರದಲ್ಲಿ ಹೀಗೆ ಕೊಡುವವರು ಎಷ್ಟು ಮಂದಿ ಬೇಕಾದರೂ ಇರಬಹುದು. ಅದಕ್ಕೇ ಯಂತ್ರದ ವಿಳಾಸದ ಜೊತೆ ಬಾಗಿಲಿನ ನಂಬರ್ ಕೂಡ ಇರುತ್ತದೆ. ಇದಕ್ಕೆ ಪೋರ್ಟ್ ಎಂದು ಹೆಸರು. ಈ ನಂಬರುಗಳು 65535ರ ತನಕ ಇವೆ. ನಾವು ನಂಬರ್ ಹೇಳದೆ ಬರೇ ವಿಳಾಸ ಬರೆದರೆ ಬ್ರೌಸರ್ ಸಾಮಾನ್ಯ ವೆಬ್ ಪುಟಕ್ಕೆ 80ನೇ ಬಾಗಿಲನ್ನೇ ತಟ್ಟುತ್ತದೆ.

ಜಗಳ ಎಲ್ಲಿ?

ನಾವೆಲ್ಲ ಜೋಡಾಟ ಕಂಡವರು. ಮಂದಾರ್ತಿ ಮೇಳ ಒಂದು, ಮಾರಣಕಟ್ಟೆ ಮೇಳ ಒಂದು ಎಂದಿಟ್ಟುಕೊಳ್ಳಿ. ಗದ್ದೆ ಒಂದೇ ಆದರೂ ರಂಗಸ್ಥಳ ಎರಡು. ಎರಡೂ ಮೇಳ ಒಂದೇ ರಂಗಸ್ಥಳ ನನ್ನದು ಎಂದು ಹಟ ಹಿಡಿದರೆ? ಆಟವೇ ಇಲ್ಲ! ಇಲ್ಲಿಯೂ ಹಾಗೇ ಆಯಿತು. ಅಪಾಚೆಯೂ ಕಿವಿಕ್ಸೂ ನಾವು ಬೇರೆ ಹೇಳದಿದ್ದರೆ 80ನ್ನೇ ಕೇಳುತ್ತವೆ. ಒಂದು ವಿಳಾಸದ ಒಂದು ಬಾಗಿಲನ್ನು ಇಬ್ಬರು ಹಿಡಿಯುವಂತಿಲ್ಲ. ಮೊದಲು ಬಂದವನಿಗೆ ಜಾಗ, ಎರಡನೆಯವನಿಗೆ "ಅಡ್ರೆಸ್ ಆಲ್ರೆಡಿ ಇನ್ ಯೂಸ್" ಎಂಬ ಉತ್ತರ. ನಾವು ಯಂತ್ರ ಹಳತಾಯಿತು ಎಂದು ಸುಮ್ಮನೆ ಬೈದದ್ದು!

ಪರಿಹಾರ

1. ಅಪಾಚೆಯನ್ನು 80ರಲ್ಲೇ ಬಿಟ್ಟೆವು.
2. ಕಿವಿಕ್ಸ್ ಶುರು ಮಾಡುವಾಗ ಪೋರ್ಟ್ 8080 ಎಂದು ಹೇಳಿದೆವು.
3. ಬೇರೆ ಕಂಪ್ಯೂಟರಿನಲ್ಲಿ ವಿಳಾಸ ಬರೆದು, ಎರಡು ಚುಕ್ಕಿ ಹಾಕಿ, 8080 ಸೇರಿಸಿದೆವು. ಉದಾಹರಣೆಗೆ, 192.168.1.5:8080.

ವಿಕಿಪೀಡಿಯ ಬಂತು! ಅತ್ತ ಟೀಚರ್ ಅಂಕ ತುಂಬಿಸುತ್ತಲೇ ಇದ್ದರು. ಪುಟಗಳು ಶಾಲೆಯೊಳಗಿನ ವಯರಿನಲ್ಲೇ ಓಡಾಡುವ ಕಾರಣ ಇಂಟರ್ನೆಟ್ ಬೇಕಾಗಲಿಲ್ಲ. ಕರೆಂಟ್ ಮಾತ್ರ ಬೇಕು.

ಆದರೆ ಒಂದು ತಪ್ಪು ಮಾಡಿದೆವು

ಮಾರನೇ ದಿನ ಏಳನೆಯವನೊಬ್ಬ 8080 ಸೇರಿಸಲು ಮರೆತು ಬರೇ ವಿಳಾಸ ಒತ್ತಿದ. ಬಂದದ್ದು ಅಂಕಪಟ್ಟಿ! "ಹ್ವಾಯ್, ಎಲ್ಲರ ಮಾರ್ಕೂ ಕಾಣ್ತಿತ್ತ್!" ಎಂದು ಕೂಗಿದ. ಕಡಿಮೆ ಅಂಕದ ನಮ್ಮ ಗೆಳೆಯನೊಬ್ಬ ತಲೆ ತಗ್ಗಿಸಿ ಹೊರಗೆ ಹೋದ. ಅದನ್ನು ಕಂಡು ನಮಗೆ ಬಹಳ ಬೇಜಾರಾಯಿತು. ಬಾಗಿಲಿಗೆ ನಂಬರ್ ಇದ್ದ ಮಾತ್ರಕ್ಕೆ ಬೀಗ ಇದೆ ಎಂದಲ್ಲ. ಇದನ್ನು ನಾವು ಮೊದಲೇ ಯೋಚಿಸಬೇಕಿತ್ತು.

ಬೀಗ ಹೀಗೆ ಹಾಕಿದೆವು. ಅಪಾಚೆಯ ಕಡತದಲ್ಲಿ "ಲಿಸನ್ 80" ಎಂಬ ಸಾಲಿತ್ತು. ಅದನ್ನು "ಲಿಸನ್ 127.0.0.1:80" ಎಂದು ತಿದ್ದಿ, ಅಪಾಚೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆವು. 127.0.0.1 ಎಂದರೆ ಪ್ರತಿಯೊಂದು ಯಂತ್ರವೂ ತನ್ನನ್ನು ತಾನೇ ಕರೆಯುವ ವಿಳಾಸ. ಈಗ ಆ ಯಂತ್ರದ ಎದುರು ಕೂತವರು ಮಾತ್ರ ಅಂಕಪಟ್ಟಿ ತೆರೆಯಬಹುದು. ಅವರಿಗೂ ಪಾಸ್‌ವರ್ಡ್ ಬೇಕೆಂದು ಟೀಚರ್ ಇಟ್ಟಿದ್ದಾರೆ.

ಇನ್ನೊಂದು ಮಾತು. ಜೋಡಾಟದಲ್ಲಿ ರಂಗಸ್ಥಳ ಎರಡಾದರೂ ಗದ್ದೆ ಒಂದೇ. ಹಾಗೆಯೇ ಇಲ್ಲಿ ಬಾಗಿಲು ಎರಡಾದರೂ ಯಂತ್ರದ ಮೆಮೊರಿ ಒಂದೇ. ಇಡೀ ತರಗತಿ ಒಟ್ಟಿಗೆ ಪುಟ ಕೇಳಿದರೆ ಎರಡೂ ಸರ್ವರ್ ನಿಧಾನವಾಗುತ್ತವೆ. ಆದ್ದರಿಂದ ಸರದಿಯಲ್ಲಿ ಬನ್ನಿ.

1990ರಲ್ಲಿ ಜಿನೀವಾ ಹತ್ತಿರದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್ ಸರ್ವರ್ ನಡೆಸಿದರು. ಆ ಯಂತ್ರಕ್ಕೆ, ಇದು ಸರ್ವರ್, ಆಫ್ ಮಾಡಬೇಡಿ ಎಂಬ ಅರ್ಥದ ಚೀಟಿ ಅಂಟಿಸಿದ್ದರು. ನಾವೂ ಅಂಟಿಸಿದ್ದೇವೆ: "ಇದ್ ಸರ್ವರ್. ಯಾರೂ ಆಫ್ ಮಾಡುಕಾಗ!"

ದಯವಿಟ್ಟು ಎಲ್ಲರೂ ಪಾಲಿಸಿ.

– 9ನೇ ತರಗತಿಯ ಕಂಪ್ಯೂಟರ್ ಗುಂಪು