ಸಾಬೂನಿನ ಹದ

ಮನೆಯಲ್ಲಿ ಸಾಬೂನು ತಯಾರಿಸುವವರದು ಒಂದು ಸಾಮಾನ್ಯ ದೂರು. ಅದೇ ಎಣ್ಣೆ, ಅದೇ ಸೋಡ, ಅದೇ ಪಾತ್ರೆ. ಆದರೂ ಹೋದ ಸಲ ಬೆಳ್ಳಗೆ ಗಟ್ಟಿಯಾಗಿ ಬಂದದ್ದು ಈ ಸಲ ಮೆತ್ತಗೆ ಜಿಡ್ಡುಜಿಡ್ಡಾಗಿದೆ. ಇದನ್ನು ಕೈಗುಣವೆಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ವಿಚಾರಿಸಬೇಕಾದದ್ದು ಕೈಯನ್ನಲ್ಲ, 'ಅದೇ' ಎಂಬ ಮಾತನ್ನು.

ಎಣ್ಣೆಯೂ ಕ್ಷಾರವೂ ಕೂಡಿದಾಗ ಸಾಬೂನು ಮತ್ತು ಗ್ಲಿಸರಿನ್ ಉಂಟಾಗುತ್ತವೆ. ಕೊಬ್ಬಿನ ಒಳರಚನೆಯನ್ನು ಬಿಡಿಸಿ ತೋರಿಸಿದ ಶೆವ್ರೆಲ್ ಎಂಬ ಫ್ರೆಂಚ್ ವಿಜ್ಞಾನಿಯ ಗ್ರಂಥ 1823ರಲ್ಲಿ ಪ್ರಕಟವಾಯಿತು. ಒಂದೊಂದು ಎಣ್ಣೆ ಬೇಡುವ ಕ್ಷಾರವೂ ಒಂದೊಂದು ಬಗೆ. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಕಾಸ್ಟಿಕ್ ಸೋಡ ಬೇಕು. ಅಷ್ಟೇ ಹರಳೆಣ್ಣೆಗೆ ಸುಮಾರು 128 ಗ್ರಾಂ ಸಾಕು. ಒಂದು ತೀರಿತೆಂದು ಇನ್ನೊಂದನ್ನು ಸುರಿದರೆ ಹೆಚ್ಚಿನ ಕ್ಷಾರ ಸಾಬೂನಿನಲ್ಲೇ ಉಳಿದು ಮೈಯನ್ನು ಸುಡುತ್ತದೆ.

ಸೋಡವೂ ಸ್ಥಿರವಾದ ವಸ್ತುವಲ್ಲ. ಮುಚ್ಚಳ ಸಡಿಲವಾದ ಡಬ್ಬಿಯಲ್ಲಿ ಅದು ಗಾಳಿಯ ತೇವವನ್ನೂ ಇಂಗಾಲಾಮ್ಲವನ್ನೂ ಹೀರಿಕೊಳ್ಳುತ್ತದೆ. ಆಮೇಲೆ ತಕ್ಕಡಿ ಹೇಳುವ ತೂಕ ನಿಜ, ಅದರೊಳಗಿನ ಶಕ್ತಿ ಮಾತ್ರ ಕಡಿಮೆ. ಹೊಸ ಡಬ್ಬಿಯ ಮೊದಲ ಸಾಬೂನಿಗೂ ಅದೇ ಡಬ್ಬಿಯ ಕೊನೆಯದಕ್ಕೂ ವ್ಯತ್ಯಾಸ ಬರಲು ಇಷ್ಟು ಸಾಕು. ಬಟ್ಟಲಿನಲ್ಲಿ ಅಳೆಯುವವರ ಪಾಡನ್ನಂತೂ ಹೇಳುವುದೇ ಬೇಡ.

ಇನ್ನು ಹದದ ಮಾತು. ಬೆಲ್ಲದ ಪಾಕವನ್ನು ಎಳೆ ನೋಡಿ ಇಳಿಸುವ ನಮ್ಮ ಗೃಹಿಣಿಯರು ಸಾಬೂನನ್ನೂ ಕಣ್ಣಳತೆಯಿಂದಲೇ ಅಚ್ಚಿಗೆ ಹೊಯ್ಯುತ್ತಾರೆ. ಪಾಕದಲ್ಲಿ ಕಣ್ಣು ಮೋಸ ಹೋಗುವುದು ಅಪರೂಪ, ಇಲ್ಲಿ ಹಾಗಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಪದಾರ್ಥ. ಬೆಂಗಳೂರಿನ ಡಿಸೆಂಬರ್ ಮುಂಜಾನೆಯಲ್ಲಿ ಮಿಶ್ರಣ ದೋಸೆಹಿಟ್ಟಿನಂತೆ ದಪ್ಪಗಾದರೆ ಅದು ಸಾಬೂನಾಯಿತೆಂದಲ್ಲ, ಎಣ್ಣೆಗೆ ಚಳಿಯಾಯಿತೆಂದೂ ಇರಬಹುದು! ಅಂಥದನ್ನು ಅಚ್ಚಿಗೆ ಹೊಯ್ದರೆ ಕೂಡದೆ ಉಳಿದ ಕ್ಷಾರ ಅಲ್ಲಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಲವಂಗದ ತೈಲ ಬೆರೆಸಿದಾಗ ಇದಕ್ಕೆ ವಿರುದ್ಧವಾಗಿ ಇಡೀ ಮಿಶ್ರಣ ಕೈಗೆ ಸಿಗದಷ್ಟು ಬೇಗ ಬಿಗಿದುಕೊಳ್ಳುತ್ತದೆ. ದೊಡ್ಡ ಅಚ್ಚಿನ ನಡುವೆ ಕಾವು ಹೆಚ್ಚಾಗಿ ಅಲ್ಲಿ ಕಪ್ಪು ಛಾಯೆಯ ಉಂಗುರವೂ ಕಾಣಬಹುದು. ಅದು ನೋಟದ ದೋಷ, ಗುಣದ್ದಲ್ಲ.

ವಾರದ ಸಾಬೂನನ್ನು ಎರಡು ತಿಂಗಳ ಸಾಬೂನಿನೊಡನೆ ಹೋಲಿಸುವುದೂ ನ್ಯಾಯವಲ್ಲ. ನೀರು ಆರಿ ಬಿಲ್ಲೆ ಗಟ್ಟಿಯಾಗಲು ನಾಲ್ಕರಿಂದ ಆರು ವಾರ ಬೇಕು.

ಆದ್ದರಿಂದ ಎಣ್ಣೆ, ಸೋಡ, ನೀರು ಮೂರನ್ನೂ ತೂಗಿ, ಅಂದಿನ ಕಾವನ್ನೂ ಸೇರಿಸಿ ಬರೆದಿಡಬೇಕು. ಸೋಡವನ್ನು ನೀರಿಗೆ ಹಾಕಬೇಕೇ ಹೊರತು ಸೋಡದ ಮೇಲೆ ನೀರು ಸುರಿಯಕೂಡದು. ಕಣ್ಣಿಗೆ ಕನ್ನಡಕ ಇರಲಿ. ಅಲ್ಯೂಮಿನಿಯಂ ಪಾತ್ರೆಯನ್ನಂತೂ ಹತ್ತಿರ ತರಬಾರದು, ಕ್ಷಾರ ಅದನ್ನೇ ತಿಂದುಬಿಡುತ್ತದೆ.