ಚಿತ್ರದ ಮುಂದೆ ನಿಲ್ಲುವ ಬಗೆ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನೋಡಿಬಂದವರು ಅಲ್ಲಿಯ ಬೇರೆಲ್ಲವನ್ನೂ ಮರೆತರೂ ಒಂದು ಚಿತ್ರವನ್ನು ಮರೆಯುವುದಿಲ್ಲ. ಒಂದು ಕೈಯಲ್ಲಿ ದೀಪವನ್ನು ಹಿಡಿದು, ಅದರ ಕುಡಿಗೆ ಇನ್ನೊಂದು ಕೈಯನ್ನು ಅಡ್ಡಮಾಡಿಕೊಂಡು ನಿಂತ ಹೆಣ್ಣಿನ ಚಿತ್ರವದು. ಬೆಳಕು ಆ ಬೆರಳುಗಳನ್ನು ಕೆಂಪಾಗಿಸಿ ಮುಖದ ಮೇಲೆ ಹಬ್ಬಿದೆ. ಅದರ ಮುಂದೆ ಬಂದವರು ತಮಗೆ ತಿಳಿಯದಂತೆಯೇ ದನಿ ತಗ್ಗಿಸುತ್ತಾರೆ. ‘ಎಷ್ಟು ನಿಜವಾಗಿದೆ!’ ಎಂದು ಒಬ್ಬರು. ‘ರವಿವರ್ಮನಲ್ಲದೆ ಇನ್ನಾರು ಹೀಗೆ ಬರೆದಾರು?’ ಎಂದು ಮತ್ತೊಬ್ಬರು. ಆದರೆ ಚಿತ್ರ ರವಿವರ್ಮನದಲ್ಲ. ಅವನು ಕಾಲವಾದದ್ದು 1906ರಲ್ಲಿ. ಇದು ಆಮೇಲೆ ಸುಮಾರು ನಾಲ್ಕು ದಶಕಗಳು ಕಳೆದ ನಂತರ, 1940ರ ದಶಕದ ನಡುವಿನಲ್ಲಿ, ಸಾವಂತವಾಡಿಯ ಕಡೆಯವರಾದ ಎಸ್. ಎಲ್. ಹಳದಣಕರ್ ಎಂಬ ಕಲಾವಿದರು ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದದ್ದು. ತೈಲವರ್ಣವೆಂದು ಬಹುಜನ ಭಾವಿಸುವ ಈ ಕೃತಿ ನಿಜವಾಗಿ ಜಲವರ್ಣದ್ದು.

ಕೆಲವು ವರ್ಷಗಳ ಹಿಂದೆ ಕಾಲೇಜಿನಲ್ಲಿ ಓದುತ್ತಿದ್ದ ತರುಣನೊಬ್ಬ ನನ್ನೊಡನೆ ಈ ಚಿತ್ರದ ಮುಂದೆ ನಿಂತಿದ್ದ. ಬಹಳ ಹೊತ್ತು ನೋಡಿದ. ಹೊರಗೆ ಅಂಗಳಕ್ಕೆ ಬಂದಮೇಲೆ ಸಂಕೋಚದಿಂದ ಕೇಳಿದ: “ಸಾರ್, ಈ ಚಿತ್ರ ನನಗೆ ತುಂಬ ಹಿಡಿಸಿತು. ಇದನ್ನು ಮೆಚ್ಚಬಹುದೇ?”

ಈ ಪ್ರಶ್ನೆ ನನ್ನನ್ನು ನೋಯಿಸಿತು. ಊಟದಲ್ಲಿ ಒಂದು ವ್ಯಂಜನ ರುಚಿಸಿದರೆ ನಾವು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಕಾದಂಬರಿಯೊಂದು ಹಿಡಿಸಿದರೆ ಗೆಳೆಯನ ಕೈಗೆ ಬಲವಂತವಾಗಿ ತುರುಕಿ ಬರುತ್ತೇವೆ. ಚಿತ್ರದ ಮುಂದೆ ಮಾತ್ರ ನಮ್ಮ ಸುಶಿಕ್ಷಿತರಿಗೆ ಪರೀಕ್ಷೆಯ ಕೊಠಡಿಗೆ ಕಾಲಿಟ್ಟಂತಾಗುತ್ತದೆ. ತಪ್ಪು ಚಿತ್ರವನ್ನು ಮೆಚ್ಚಿ ನಗೆಪಾಟಲಾಗುವ ಹೆದರಿಕೆಯಿಂದ ಅವರು ಮೊದಲು ಓದುವುದು ಚಿತ್ರದ ಕೆಳಗಿನ ಚೀಟಿಯನ್ನು. ಹೆಸರು ದೊಡ್ಡದಾಗಿದ್ದರೆ ತಲೆದೂಗುತ್ತಾರೆ, ಇಲ್ಲವಾದರೆ ಮುಂದಿನ ಗೋಡೆಗೆ ಸರಿಯುತ್ತಾರೆ. ದೀಪದ ಹೆಣ್ಣಿಗೆ ರವಿವರ್ಮನ ಹೆಸರು ಅಂಟಿಕೊಂಡದ್ದೂ ಹೀಗೆಯೇ ಇದ್ದೀತು. ಮೆಚ್ಚುಗೆಗೆ ಒಂದು ದೊಡ್ಡ ಹೆಸರಿನ ಜಾಮೀನು ಬೇಕಾಯಿತು. ಇನ್ನು ಈಚೆಗೆ ಚೀಟಿಯನ್ನೂ ಓದದೆ, ಚಿತ್ರಕ್ಕೆ ಬೆನ್ನುಮಾಡಿ ನಿಂತು ಮೊಬೈಲಿನಲ್ಲಿ ತಮ್ಮ ಮುಖವನ್ನೇ ಸೆರೆಹಿಡಿದುಕೊಂಡು ಹೋಗುವವರ ವಿಷಯ ಬೇರೆ; ಅವರಿಗೆ ಹೆದರಿಕೆಯಾದರೂ ಇಲ್ಲ.

ಆ ತರುಣ ಎಲ್ಲಿಯೋ ಓದಿದ್ದನಂತೆ, ಇಂಥ ಚಿತ್ರಗಳೆಲ್ಲ ಕ್ಯಾಲೆಂಡರಿನ ಅಭಿರುಚಿಯವು, ಬಲ್ಲವರು ಇವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು. ಆದಕಾರಣ ತನಗೆ ಬಂದ ಸಂತೋಷವನ್ನೇ ಅವನು ಕಳವಿನ ಮಾಲಿನಂತೆ ಮುಚ್ಚಿಟ್ಟುಕೊಂಡಿದ್ದ. ಕಲಾಭಿರುಚಿಯ ವಿಷಯದಲ್ಲಿ ಹೊಸಬನಿಗೆ ಒದಗಬಹುದಾದ ದೊಡ್ಡ ಕೇಡು ಇದು ಎಂದು ನನ್ನ ಭಾವನೆ. ಅಜ್ಞಾನವನ್ನು ತಿದ್ದಬಹುದು. ತನಗೆ ಹಿಡಿಸಿದ್ದನ್ನು ಹಿಡಿಸಲಿಲ್ಲವೆಂದೂ, ಹಿಡಿಸದಿದ್ದುದನ್ನು ಹಿಡಿಸಿತೆಂದೂ ಹೇಳುವ ಅಭ್ಯಾಸ ಒಮ್ಮೆ ಬಿದ್ದರೆ ಆಮೇಲೆ ಯಾವ ಚಿತ್ರವೂ ಅವನಿಗೆ ಏನನ್ನೂ ಕೊಡಲಾರದು.

“ಧಾರಾಳವಾಗಿ ಮೆಚ್ಚಯ್ಯಾ. ಆದರೆ ಅಲ್ಲಿಗೇ ನಿಲ್ಲಬೇಡ. ಇನ್ನೊಮ್ಮೆ ಒಳಗೆ ಹೋಗೋಣ, ನಡೆ” ಎಂದೆ.

ನಾವು ಮತ್ತೆ ಹೋಗಿ ನಿಂತೆವು. ಈ ಸಲ ನಾವು ಹಾಕಿಕೊಂಡ ಪ್ರಶ್ನೆ ಒಂದೇ: ಈ ಬೆಳಕು ಎಲ್ಲಿಂದ ಬಂತು? ಬಣ್ಣದ ಪೆಟ್ಟಿಗೆಯಲ್ಲಿ ಬೆಳಕೆಂಬ ಬಣ್ಣವಿಲ್ಲ. ತೈಲವರ್ಣದವನು ಕತ್ತಲೆಯನ್ನು ಬಳಿದು, ಅದರ ಮೇಲೆ ಬಿಳಿಯನ್ನೋ ಹಳದಿಯನ್ನೋ ದಪ್ಪವಾಗಿ ಇಟ್ಟು ಬೆಳಕನ್ನು ತರಬಲ್ಲ. ತಪ್ಪಿದರೆ ಒರೆಸಿ ಮತ್ತೆ ಇಡಬಲ್ಲ. ತಿಳಿಯಾದ ಜಲವರ್ಣದ ರೀತಿ ಇದಕ್ಕೆ ತಿರುಗುಮುರುಗು. ಅಲ್ಲಿ ಬೆಳಕೆಂದರೆ ಕಾಗದದ ಬಿಳುಪೇ. ಕಲಾವಿದ ಅದನ್ನು ಬರೆಯುವುದಿಲ್ಲ, ಉಳಿಸಿಕೊಳ್ಳುತ್ತಾನೆ. ಎಲ್ಲಿ ಎಷ್ಟು ಹೊಳಪು ಬೇಕೆಂಬುದನ್ನು ಕುಂಚ ಮುಟ್ಟುವ ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು, ಆ ಸ್ಥಳದ ಸುತ್ತ ತೆಳುವಾದ ಬಣ್ಣದ ಪದರಗಳನ್ನು ಒಂದರ ಮೇಲೊಂದರಂತೆ ಇಳಿಸುತ್ತ, ನೆರಳನ್ನು ಗಾಢವಾಗಿಸುತ್ತ ಬರಬೇಕು. ಒಮ್ಮೆ ಮಾಸಿದ ಕಾಗದ ಮತ್ತೆ ಮೊದಲಿನ ಬಿಳುಪಿಗೆ ಬರುವುದು ಕಷ್ಟ. ಇದನ್ನು ತಿಳಿದು ನೋಡಿದಾಗ, ಕೆನ್ನೆಯ ಹೊಳಪು ಕೊರಳಿಗೆ ಬರುವಾಗ ಎಷ್ಟು ತಗ್ಗಿತು, ಸೀರೆಯ ಯಾವ ಮಡಿಕೆಯಲ್ಲಿ ಅದು ಕತ್ತಲೆಗೆ ಸೇರಿಹೋಯಿತು ಎಂದು ಕಣ್ಣು ತಾನಾಗಿ ಹುಡುಕತೊಡಗುತ್ತದೆ. ‘ನಿಜದಂತೆ ಇದೆ’ ಎಂಬ ಮೊದಲ ಮೆಚ್ಚುಗೆ ಸುಳ್ಳಾಗಲಿಲ್ಲ. ಅದಕ್ಕೆ ಬೇರು ಬಂತು.

ಚಿತ್ರ ನೋಡುವ ಶಿಕ್ಷಣ ಇಷ್ಟರಿಂದ ಮೊದಲಾದರೆ ಸಾಕು. ಮುಂದಿನ ಹೆಜ್ಜೆಗೆ ಇದೇ ಜಲವರ್ಣದಲ್ಲಿ ಬರೆದ ಬೇರೆ ಬಗೆಯ ಚಿತ್ರಗಳು ನಮ್ಮ ನಾಡಿನಲ್ಲಿಯೇ ಇವೆ. ಬೆಂಗಳೂರಿನಲ್ಲಿ ಕೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಯ ಸಂಗ್ರಹಕ್ಕೆ ಸೇರಿದ, ಅವರು ಉದಕಮಂಡಲದಲ್ಲಿ ಬರೆದ ನಿಸರ್ಗದೃಶ್ಯಗಳನ್ನು ನೆನೆಯುತ್ತೇನೆ. 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತುಬಂದವರು ವೆಂಕಟಪ್ಪ. ಅವರು ತೀರಿಕೊಂಡದ್ದು 1965ರಲ್ಲಿ. ಉದಕಮಂಡಲದ ಚಿತ್ರಗಳಲ್ಲಿ ಹೆಣ್ಣಿಲ್ಲ, ದೀಪವಿಲ್ಲ, ಕಥೆಯೂ ಇಲ್ಲ. ಬೆಟ್ಟ, ನೀರು, ಮಂಜು, ಹೊತ್ತು ಹೊತ್ತಿಗೆ ಬದಲಾಗುವ ಆಕಾಶ, ಇಷ್ಟೆ. ದೀಪದ ಚಿತ್ರದ ಎದುರು ಅರ್ಧ ಗಂಟೆ ನಿಂತವರು ಇವುಗಳ ಎದುರು ಅರ್ಧ ನಿಮಿಷ ನಿಲ್ಲಲಾರರು. ಅಳತೆಯೂ ಚಿಕ್ಕದು, ಕೂಗಿ ಕರೆಯುವ ಗುಣ ಇವಕ್ಕಿಲ್ಲ. ಆದರೆ ಹಿಂದಿನ ಪ್ರಶ್ನೆಯನ್ನೇ ಇಲ್ಲಿಯೂ ಕೇಳಿ: ಬೆಳಕು ಎಲ್ಲಿಂದ ಬಂತು? ಅಲ್ಲಿ ಬೆಳಕು ಒಂದು ಕುಡಿಯಿಂದ ಹೊರಟು ಸುತ್ತ ಹರಡಿತ್ತು. ಇಲ್ಲಿ ಮಂಜಿನ ತುಂಬ ಕರಗಿ ಎಲ್ಲೆಡೆಯೂ ಇದೆ. ಬೆಟ್ಟದ ಅಂಚು ಯಾವ ಎಡೆಯಲ್ಲಿ ಮುಗಿದು ಮೋಡ ಯಾವ ಎಡೆಯಲ್ಲಿ ಮೊದಲಾಯಿತೆಂದು ಬೆರಳಿಟ್ಟು ತೋರಿಸುವುದು ಸುಲಭವಲ್ಲ. ಅದನ್ನು ಹುಡುಕುವ ಕಣ್ಣಿಗೆ ಒಂದು ಬಗೆಯ ನಿಶ್ಶಬ್ದ ಕೈಗೆ ಸಿಕ್ಕುತ್ತದೆ.

ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತಿದ್ದರೆಂಬುದು ಇಲ್ಲಿ ನೆನಪಿಗೆ ಬರುತ್ತದೆ. ನಮ್ಮ ಜನ ಸಂಗೀತವನ್ನು ಕೇಳಲು ಕಲಿತದ್ದಾದರೂ ಹೇಗೆ? ಲಕ್ಷಣಗ್ರಂಥ ಓದಿ ಅಲ್ಲ. ರಾಮೋತ್ಸವದ ಚಪ್ಪರದಲ್ಲಿ ದೊಡ್ಡವರ ಮಗ್ಗುಲಲ್ಲಿ ಕುಳಿತು, ಅರ್ಧ ತೂಕಡಿಸುತ್ತ, ಅರ್ಧ ತೊಡೆಯ ಮೇಲೆ ತಾಳ ಹಾಕುತ್ತ, ಅದೇ ರಾಗವನ್ನು ನೂರು ಸಲ ಕೇಳಿ. ಕಲ್ಯಾಣಿ ರಾಗದ ಆಲಾಪನೆ ಮುಗಿದಾಗ ‘ಇದರ ಅರ್ಥವೇನು?’ ಎಂದು ಯಾರೂ ಕೇಳುವುದಿಲ್ಲ. ಚಿತ್ರಕ್ಕೆ ಮಾತ್ರ ಈ ಪ್ರಶ್ನೆ ತಪ್ಪದು. ಕಣ್ಣಿಗೆ ಅಂಥ ಚಪ್ಪರ ನಮ್ಮಲ್ಲಿ ಇಲ್ಲದೆ ಹೋದದ್ದೇ ಇದಕ್ಕೆ ಕಾರಣವಿರಬೇಕು. ಶಾಲೆಗಳಲ್ಲಿ ಚಿತ್ರಕಲೆಯ ಅವಧಿಯೆಂದರೆ ಗಣಿತದ ಮೇಷ್ಟರು ಎರವಲು ಪಡೆಯುವ ಅವಧಿಯೆಂದು ಎಲ್ಲ ಮಕ್ಕಳಿಗೂ ಗೊತ್ತು.

ಬಲ್ಲವರ ನಡುವೆ ಪಕ್ಷಗಳಿರುವುದನ್ನೂ ಹೊಸಬ ತಿಳಿದಿರಬೇಕು. ಹೊರಗಣ್ಣಿಗೆ ಕಂಡಂತೆ ಬರೆಯುವ ರವಿವರ್ಮನ ರೀತಿಯನ್ನು ಆನಂದ ಕುಮಾರಸ್ವಾಮಿಯವರಂಥ ಪಂಡಿತರು ಕಟುವಾಗಿ ಖಂಡಿಸಿದರು. ಅವನೀಂದ್ರನಾಥರ ಬಳಗ ಬೇರೆ ದಾರಿ ಹಿಡಿಯಿತು. ನಮ್ಮಲ್ಲಿ ಅ. ನ. ಕೃಷ್ಣರಾಯರು ರವಿವರ್ಮನ ಸ್ಥಾನವನ್ನು ಕುರಿತು ಪುಸ್ತಕವನ್ನೇ ಬರೆದರು, ಶಿವರಾಮ ಕಾರಂತರು ಭಾರತೀಯ ಚಿತ್ರಕಲೆಯನ್ನು ಕನ್ನಡಿಗರಿಗೆ ಪರಿಚಯಿಸಿದರು. ಇವನ್ನೆಲ್ಲ ಓದುವುದು ಒಳ್ಳೆಯದೇ. ಚಿತ್ರಗಳನ್ನು ನೋಡಿದ ಮೇಲೆ ಓದಿದರೆ ಇನ್ನೂ ಒಳ್ಳೆಯದು.

ಶಿಲ್ಪದ ವಿಷಯದಲ್ಲಿ ನಾವು ಚಿತ್ರಕ್ಕಿಂತ ಭಾಗ್ಯವಂತರು. ಮ್ಯೂಸಿಯಮ್ಮಿಗೆ ಹೋಗಬೇಕಾಗಿಲ್ಲ, ದೇವಸ್ಥಾನಕ್ಕೆ ಹೋದರಾಯಿತು. ಆದರೆ ಅಲ್ಲಿ ಬೇರೊಂದು ತೊಡಕು ಕಾದಿದೆ. ಬೇಲೂರಿನಲ್ಲಿ ಮಾರ್ಗದರ್ಶಿ ಕೋಲೆತ್ತಿ ತೋರಿಸುತ್ತಾನೆ: ‘ನೋಡಿ, ಮದನಿಕೆಯ ಮೇಲಿನ ಬಳ್ಳಿಯಲ್ಲಿ ಹಣ್ಣು, ಹಣ್ಣಿನ ಮೇಲೆ ನೊಣ, ನೊಣದ ಮೇಲೆ ಕಣ್ಣಿಟ್ಟ ಹಲ್ಲಿ!’ ನಾವು ಹಲ್ಲಿಯನ್ನು ಕಂಡು ಬೆರಗಾಗುತ್ತೇವೆ, ಮದನಿಕೆಯನ್ನು ನೋಡುವುದು ಮರೆಯುತ್ತೇವೆ. ಕೈಚಳಕ ಕಲೆಯ ಒಂದು ಅಂಗ, ಸರಿ. ಅದೇ ಕಲೆಯಾಗಿದ್ದರೆ ಅಕ್ಕಿಕಾಳಿನ ಮೇಲೆ ಹೆಸರು ಬರೆಯುವವನೇ ದೊಡ್ಡ ಕಲಾವಿದನೆನ್ನಬೇಕಾದೀತು. ಹಲ್ಲಿಯನ್ನು ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಗೋಡೆಯಿಂದ ಮುಂದಕ್ಕೆ ಬಾಗಿ ನಿಂತ ಆ ಮೈಯ ಬಳುಕು ಮೇಲಿನ ಸೂರಿಗೂ ಕೆಳಗಿನ ಕಂಬಕ್ಕೂ ನಡುವೆ ಹೇಗೆ ಸೇತುವೆ ಕಟ್ಟಿದೆಯೆಂದು ಆಗ ಕಾಣುತ್ತದೆ.

ಬೇಲೂರಿನಿಂದ ಬಾದಾಮಿಗೆ ಹೋದರೆ ಈ ಪಾಠ ಪೂರ್ತಿಯಾಗುತ್ತದೆ. ಬೇಲೂರಿನ ಬಳಪದ ಕಲ್ಲು ನುಣುಪಾದದ್ದು. ಗಣಿಯಿಂದ ತೆಗೆದ ಹೊಸತರಲ್ಲಿ ಮೃದುವಾಗಿದ್ದು ಉಳಿಗೆ ಒಗ್ಗುತ್ತದೆ, ಆಮೇಲೆ ಗಾಳಿಗೆ ಗಟ್ಟಿಯಾಗುತ್ತದೆ. ಅಲ್ಲಿ ಶಿಲ್ಪಿ ಅಕ್ಕಸಾಲಿಗನಂತೆ ಕೆಲಸ ಮಾಡಬಲ್ಲ. ಬಾದಾಮಿಯದು ಕೆಂಪು ಮರಳುಗಲ್ಲಿನ ಬಂಡೆ. ಅದರ ಕಣ ದಪ್ಪ. ಆ ಬಂಡೆಯಲ್ಲಿ ಕೊರೆದ ಮೂರನೆಯ ಗುಹೆ ಚಾಲುಕ್ಯ ಮಂಗಲೇಶ ಮಾಡಿಸಿದ್ದು. ಅಲ್ಲಿಯ ಶಾಸನದ ವರ್ಷ 578. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಬೇಲೂರಿನ ದೇವಾಲಯವನ್ನು ಪ್ರತಿಷ್ಠೆ ಮಾಡಿಸಿದ್ದಕ್ಕೆ ಐದು ಶತಮಾನಗಳಿಗೂ ಹಿಂದಿನ ಮಾತು. ಅಲ್ಲಿ ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣುವಿನ ಮೈಮೇಲೆ ಬೇಲೂರಿನ ಕುಸುರಿಯನ್ನು ಹುಡುಕಿದರೆ ನಿರಾಶೆಯಾದೀತು. ಅಗಲವಾದ ಭುಜ, ತುಂಬಿದ ಎದೆ, ಉಸಿರನ್ನು ಒಳಗೆ ಎಳೆದು ನಿಲ್ಲಿಸಿಕೊಂಡಂಥ ಒಂದು ಸ್ಥಿರತೆ. ಮೊದಲ ಗುಹೆಯ 18 ಕೈಗಳ ನಟರಾಜನ ಮುಂದೆ ಜನ ಕೈಗಳನ್ನು ಎಣಿಸುತ್ತ ನಿಲ್ಲುತ್ತಾರೆ. ಎಣಿಕೆ ಮುಗಿದ ಬಳಿಕ ಒಂದು ಗಳಿಗೆ ಕಣ್ಣನ್ನು ಅರ್ಧ ಮುಚ್ಚಿ ನೋಡಬೇಕು. ಆಗ ಕೈಗಳು ಲೆಕ್ಕಕ್ಕೆ ಸಿಕ್ಕದೆ, ಒಂದೇ ಕೈ ಬೀಸಿಹೋದ ಜಾಡಿನಂತೆ ಕಂಡಾವು. ಬೇಲೂರು ಮೇಲೋ ಬಾದಾಮಿ ಮೇಲೋ ಎಂದು ಕೇಳುವವರಿದ್ದಾರೆ. ನನ್ನ ಮನಸ್ಸು ಬಾದಾಮಿಯ ಕಡೆಗೆ. ಆದರೆ ಹಾಗಾಗಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಇನ್ನು ನವ್ಯಚಿತ್ರಗಳ ಮಾತು. ‘ಇದರಲ್ಲೇನಿದೆ, ನನ್ನ ಮೊಮ್ಮಗುವೂ ಗೀಚುತ್ತದೆ’ ಎನ್ನುವ ಹಿರಿಯರ ಸಿಟ್ಟು ನನಗೆ ಅರ್ಥವಾಗುತ್ತದೆ. ಅಂಥ ಸಿಟ್ಟಿಗೆ ಅರ್ಹವಾದ ಚಿತ್ರಗಳೂ ಇವೆ. ಆದರೂ ಅವರನ್ನು ನಾನು ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳ ಮುಂದೆ ಕರೆದೊಯ್ಯಲು ಬಯಸುತ್ತೇನೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು ಅಲ್ಲಿಯೇ ಹೆಸರಾದ ಹೆಬ್ಬಾರರು ಲಯವೆಂದರೇನೆಂದು ತಿಳಿಯುವುದಕ್ಕಾಗಿ ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದವರು. ನರ್ತಕಿಯೊಬ್ಬಳನ್ನು ಅವರು ಕೆಲವೇ ಗೆರೆಗಳಲ್ಲಿ ಹಿಡಿದಾಗ ಅಲ್ಲಿ ಮೂಗು ಇಲ್ಲ, ಒಡವೆ ಇಲ್ಲ, ಸುತ್ತಿದ ಸುತ್ತು ಇದೆ. ಮಗುವಿನ ಕೈಯೂ ಇಂಥ ಗೆರೆಯನ್ನು ಒಮ್ಮೆ ಎಳೆದೀತು. ಬೇಕೆಂದಾಗ ಮತ್ತೆ ಎಳೆಯಲು ಅದಕ್ಕಾಗದು. ಸಂಶಯವಿದ್ದವರು ಒಂದು ಪೆನ್ಸಿಲು ಹಿಡಿದು ಆ ಗೆರೆಗಳಲ್ಲಿ ಒಂದನ್ನು ನಕಲು ಮಾಡಿ ನೋಡಲಿ. ಕಲಾವಿದರಾಗುವುದಕ್ಕಲ್ಲ, ಕೈ ಸೋತಲ್ಲಿ ಕಣ್ಣು ಚುರುಕಾಗುತ್ತದೆ ಎಂಬುದಕ್ಕೆ. ಪುಸ್ತಕದ ಪುಟದಲ್ಲಿ ಅಥವಾ ಫೋನಿನ ಗಾಜಿನ ಮೇಲೆ ನೋಡಿದ ಚಿತ್ರಕ್ಕೆ ತನ್ನ ಅಳತೆಯೂ ಇರುವುದಿಲ್ಲ, ಮೈಯೂ ಇರುವುದಿಲ್ಲ. ಹತ್ತಿರದಲ್ಲಿ ಮೂಲಚಿತ್ರವೊಂದಿದ್ದರೆ ಅದು ಸಾಮಾನ್ಯದ್ದಾದರೂ ಸರಿ, ಅಲ್ಲಿಂದಲೇ ಮೊದಲು ಮಾಡುವುದು ಮೇಲು. ಒಂದು ದಿನದಲ್ಲಿ ಇಡೀ ಚಿತ್ರಶಾಲೆಯನ್ನು ಮುಗಿಸುವ ಹಟವನ್ನು ಬಿಡಬೇಕು. ಮೂರು ಚಿತ್ರಗಳು ಸಾಕು. ಕಾಲು ನೋಯುವ ಮೊದಲೇ ಕಣ್ಣು ನೋಯುತ್ತದೆಂಬುದು ಅನುಭವಿಗಳಿಗೆ ಗೊತ್ತು.

ಅಂದು ಅಪ್ಪಣೆ ಕೇಳಿದ ತರುಣ ಮರುವರ್ಷ ನನ್ನ ಮನೆಗೆ ಬಂದಿದ್ದ. ಜಗನ್ಮೋಹನ ಅರಮನೆಗೆ ಆಮೇಲೆ ಎರಡು ಸಲ ಒಬ್ಬನೇ ಹೋಗಿದ್ದನಂತೆ.

“ಸಾರ್, ನಾನು ದೀಪವನ್ನೇ ನೋಡುತ್ತಿದ್ದೆ. ಆದರೆ ಚಿತ್ರ ಇರುವುದು ಅಡ್ಡಹಿಡಿದ ಕೈಯಲ್ಲಿ. ಆ ಕೈ ಇಲ್ಲದಿದ್ದರೆ ದೀಪ ಬರಿಯ ಒಂದು ಚುಕ್ಕೆಯಾಗಿಬಿಡುತ್ತಿತ್ತು” ಎಂದ.

ಚೀಲದಿಂದ ಒಂದು ನೋಟುಬುಕ್ಕು ತೆಗೆದು ತೋರಿಸಿದ. ಪುಟದ ತುಂಬ ಆ ಕೈಯನ್ನು ಏಳೆಂಟು ಸಲ ಬರೆದಿದ್ದ. ಹೆಬ್ಬೆರಳು ಒಂದರಲ್ಲಿಯೂ ಸರಿಯಾಗಿ ಕೂತಿರಲಿಲ್ಲ. ಅದನ್ನು ಅವನೇ ನನಗಿಂತ ಮೊದಲು ಹೇಳಿದ.